ಹೈವೇ ಮುಗಿದದ್ದು ಕಾಲಿಗೆ ಗೊತ್ತಾಗಲಿಲ್ಲ: ಪುಣೆಯಿಂದ ಊರಿಗೆ ಹೋಗುವಾಗ ಕೊನೆಯ 60 ಕಿಲೋಮೀಟರ್

ಇದು ಈ ವಾರದ ಮಾತಿನ ಬರಹ ರೂಪ. ಬೋರ್ಡ್ ಮೇಲೆ ಗೀಚಿದ ಲೆಕ್ಕ ವಿಡಿಯೋದಲ್ಲಿ ಸರಿಯಾಗಿ ಕಾಣಲ್ಲ, ಅದಕ್ಕೆ ಇಲ್ಲಿ ಬಿಡಿಸಿ ಬರೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಮಾತಾಡಿದ ಹಾಗೇ ಇದೆ.

ಎರಡು ವರ್ಷದ ಹಿಂದೆ, ಡಿಸೆಂಬರ್. ಬೆಳಿಗ್ಗೆ ಐದಕ್ಕೆ ವಾಕಡ್ ಬಿಟ್ಟೆವು. ನಾನು, ನನ್ನ ಹೆಂಡತಿ, ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು. ಖಂಬಾಟ್ಕಿ ಘಾಟ್ ಹತ್ತಿ, ಸಾತಾರಾದಲ್ಲಿ ತಿಂಡಿ ತಿಂದು, ಕೊಲ್ಹಾಪುರ ದಾಟಿ, ಹನ್ನೊಂದು ಹನ್ನೊಂದೂವರೆಗೆ ಬೆಳಗಾವಿ. ಸುಮಾರು 340 ಕಿಲೋಮೀಟರ್, ಒಂದು ಹಾರ್ನ್ ಜಗಳ ಕೂಡ ಇಲ್ಲ. ಅಲ್ಲಿಂದ ಯರಗಟ್ಟಿ ಕಡೆ ತಿರುಗಿದೆ. ನಮ್ಮ ಊರು ಯರಗಟ್ಟಿಯಿಂದ ಇನ್ನೂ ಸ್ವಲ್ಪ ಒಳಗೆ. ಅವ್ವ ಆಗಲೇ ಮೂರು ಸಲ ಫೋನ್ ಮಾಡಿ ಆಗಿತ್ತು. "ಎಲ್ಲಿ ಬಂದ್ರಿ? ರೊಟ್ಟಿ ಬಡಿಲೇನು?"

ಸಾಂಬ್ರಾ ದಾಟಿ ಸ್ವಲ್ಪ ದೂರ ಹೋದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರ್ ಸಿಕ್ತು. ಎರಡು ಟ್ರೇಲರ್, ನಮ್ಮ ಕಡೆ ಡಬ್ಬಿ ಅಂತೀವಿ. ಗಂಟೆಗೆ 25 ಕಿಲೋಮೀಟರ್ ವೇಗ ಇದ್ದಿರಬೇಕು. ಎರಡು ನಿಮಿಷ ಹಿಂದೆ ಹೋದೆ, ಆಮೇಲೆ ಬಲಕ್ಕೆ ಸರಿದು ನೋಡಿದೆ. ದೂರದಲ್ಲಿ ಒಂದು ಕೆಂಪು ಬಸ್. "ಟೈಮ್ ಐತಿ" ಅನ್ನಿಸ್ತು. ಒತ್ತಿದೆ. ಎರಡನೇ ಡಬ್ಬಿ ದಾಟಿ ಮೊದಲನೇ ಡಬ್ಬಿಯ ಪಕ್ಕ ಬಂದಾಗ ಬಸ್ಸಿನ ಮುಂದಿನ ಗಾಜಿನ ಮೇಲಿನ ಬೋರ್ಡ್ ಓದೋಕೆ ಬರ್ತಿತ್ತು. ಬ್ರೇಕ್ ಹಾಕಿದರೆ ಹಿಂದಕ್ಕೆ ಹೋಗಿ ಸೇರೋಕೆ ಸಮಯ ಇಲ್ಲ, ಮುಂದೆ ಹೋದರೆ ಜಾಗ ಇಲ್ಲ. ಬಸ್ ಡ್ರೈವರ್ ಎಡಗಾಲಿಗಳನ್ನ ರಸ್ತೆಯಿಂದ ಕೆಳಗೆ ಇಳಿಸಿ, ಧೂಳೆಬ್ಬಿಸಿಕೊಂಡು ಪಕ್ಕದಲ್ಲೇ ಹೋದರು. ಕನ್ನಡಿ ಕನ್ನಡಿ ತಾಗಲಿಲ್ಲ, ಅಷ್ಟೇ.

ಮುಂದೆ ನಿಲ್ಲಿಸಿದೆ. ಕೈ ನಡುಗ್ತಿತ್ತು. ಬಸ್ಸೂ ನಿಂತಿತ್ತು, ಡ್ರೈವರ್ ಇಳಿದು ನಡೆದುಕೊಂಡೇ ಬಂದರು. ಐವತ್ತರ ಆಸುಪಾಸಿನವರು. ಬೈಗುಳಕ್ಕೆ ತಯಾರಾಗಿದ್ದೆ. ಅವರು ಮೊದಲು ಹಿಂದಿನ ಸೀಟಿನಲ್ಲಿದ್ದ ಮಗಳನ್ನ ನೋಡಿದರು, ಆಮೇಲೆ ನನ್ನನ್ನ.

"ಎಲ್ಲಿಂದ ಬಂದ್ರಿ ಸಾಹೇಬ್ರ?"

"ಪುಣೆದಿಂದ್ರಿ."

"ಹೈವೇ ಬೆಳಗಾಂವಿಗೇ ಮುಗದೈತ್ರಿ. ನಿಮ್ಮ ಕಾಲಿಗೆ ಇನ್ನೂ ಗೊತ್ತಾಗಿಲ್ಲ ನೋಡ್ರಿ."

ಅಷ್ಟು ಹೇಳಿ ಹೋದರು. ಆ ಮಾತು ಎಷ್ಟು ನಿಜ ಅಂತ ತಿಳಿದದ್ದು ಆಮೇಲೆ ಓದೋಕೆ ಶುರು ಮಾಡಿದಾಗ.

ನಾಲ್ಕೈದು ಗಂಟೆ ಒಂದೇ ಸಮ 90, 100ರಲ್ಲಿ ಓಡಿಸಿದ ಮೇಲೆ ಮಿದುಳು ಆ ವೇಗವನ್ನೇ ಸಹಜ ಅಂತ ತಗೊಂಡುಬಿಡುತ್ತೆ. ಆಮೇಲೆ 70ಕ್ಕೆ ಇಳಿಸಿದರೆ 50ರಲ್ಲಿ ತೆವಳಿದ ಹಾಗೆ ಅನ್ನಿಸುತ್ತೆ. ಇದಕ್ಕೆ ವೇಗಕ್ಕೆ ಒಗ್ಗಿಕೊಳ್ಳೋದು ಅಂತ ಹೇಳ್ತಾರೆ, ಎಲ್ಲ ಮನುಷ್ಯರಿಗೂ ಆಗುವಂಥದ್ದು, ಒಳ್ಳೆ ಡ್ರೈವರ್‌ಗೂ ಆಗುತ್ತೆ. ಅಂದರೆ ಹೈವೇಯಿಂದ ಸಣ್ಣ ರಸ್ತೆಗೆ ಇಳಿದ ಮೊದಲ ಹತ್ತಿಪ್ಪತ್ತು ನಿಮಿಷ ನಿಮ್ಮ ಅಂದಾಜನ್ನ ನಂಬಬಾರದು, ಸ್ಪೀಡೋಮೀಟರ್ ಮುಳ್ಳನ್ನ ಮಾತ್ರ ನಂಬಬೇಕು. ಕಾನೂನೂ ಇದನ್ನೇ ಹೇಳುತ್ತೆ. 2018ರ ಕೇಂದ್ರ ಸರ್ಕಾರದ ಅಧಿಸೂಚನೆ ಪ್ರಕಾರ ಕಾರಿಗೆ ಡಿವೈಡರ್ ಇರುವ ನಾಲ್ಕು ಲೇನ್ ರಸ್ತೆಯಲ್ಲಿ ಗರಿಷ್ಠ 100, ಇಂಥ ಸಾಮಾನ್ಯ ರಸ್ತೆಯಲ್ಲಿ 70. ಆ 30ರ ವ್ಯತ್ಯಾಸಕ್ಕೆ ಕಾರಣ ಇದೆ.

ಕಾರಣ ಏನು ಅಂದ್ರೆ, ಎರಡು ಲೇನ್ ರಸ್ತೆಯ ಡಾಂಬರು 7 ಮೀಟರ್ ಅಗಲ. ಒಂದೊಂದು ಕಡೆಗೆ ಮೂರೂವರೆ. ಬಸ್ ಎರಡೂವರೆ ಮೀಟರ್, ಕಾರು ಒಂದೂಮುಕ್ಕಾಲು. ಇಬ್ಬರೂ ತಂತಮ್ಮ ಲೇನಿನ ನಡುವೆ ಸರಿಯಾಗಿ ಹೋದರೂ ಮಧ್ಯೆ ಉಳಿಯೋದು ಒಂದೂವರೆ ಮೀಟರಿಗಿಂತ ಕಡಿಮೆ ಗಾಳಿ, ಒಂದು ಬಿಳಿ ಬಣ್ಣದ ಗೆರೆ. ಇಬ್ಬರ ವೇಗ ಸೇರಿಸಿದರೆ 140, 150. ನನ್ನ ವಿಷಯದಲ್ಲಿ ಲೆಕ್ಕ ಇನ್ನೂ ಕೆಟ್ಟದಿತ್ತು. ಕಬ್ಬು ಎರಡೂ ಬದಿ ಚಾಚಿಕೊಂಡ ಡಬ್ಬಿ ಎರಡೂವರೆ ಮೀಟರ್, ನನ್ನ ಕಾರು ಒಂದೂಮುಕ್ಕಾಲು, ಬಸ್ ಎರಡೂವರೆ. ಒಟ್ಟು ಆರೂಮುಕ್ಕಾಲು. ಮೂರು ಗಾಡಿಗೂ ಹಂಚಿಕೊಳ್ಳೋಕೆ ಉಳಿದದ್ದು 25 ಸೆಂಟಿಮೀಟರ್, ಒಂದು ಗೇಣು.

ಈಗ ಓವರ್‌ಟೇಕ್ ಲೆಕ್ಕ. ಟ್ರ್ಯಾಕ್ಟರ್ ಮತ್ತು ಎರಡು ಡಬ್ಬಿ ಸೇರಿ ಸುಮಾರು 15 ಮೀಟರ್ ಉದ್ದ. ಅದರ ಹಿಂದೆ 10 ಮೀಟರ್ ಅಂತರ, ಮುಂದೆ ಎಡಕ್ಕೆ ಸೇರೋಕೆ ಇನ್ನೊಂದು 10, ನನ್ನ ಕಾರಿನ ಉದ್ದ 4. ಅಂದ್ರೆ ಟ್ರ್ಯಾಕ್ಟರ್‌ಗಿಂತ 39 ಮೀಟರ್ ಹೆಚ್ಚು ಓಡಬೇಕು. ಲಗೇಜು ತುಂಬಿದ ಸಾಧಾರಣ ಕಾರಿಗೆ 25ರಿಂದ ವೇಗ ಹೆಚ್ಚಿಸಿಕೊಂಡು ಇದನ್ನ ಮುಗಿಸೋಕೆ ಏಳು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಅಷ್ಟರಲ್ಲಿ ನಾನು 90 ಮೀಟರ್ ಹೋಗಿರ್ತೀನಿ. 70ರಲ್ಲಿ ಬರುವ ಬಸ್ 140 ಮೀಟರ್ ಬಂದಿರುತ್ತೆ. ಒಟ್ಟು 230. ಇದು ಮೂಗಿಗೆ ಮೂಗು ತಾಗುವ ಲೆಕ್ಕ, ಕ್ಷೇಮದ ಲೆಕ್ಕ ಅಲ್ಲ. ಮೂರು ಸೆಕೆಂಡ್ ಉಳಿಸಿಕೊಳ್ಳಬೇಕು ಅಂದ್ರೆ 330 ಮೀಟರ್ ಆದರೂ ಖಾಲಿ ರಸ್ತೆ ಬೇಕು.

ಟ್ರ್ಯಾಕ್ಟರ್ ಬದಲು 50ರಲ್ಲಿ ಹೋಗ್ತಿರುವ ಲಾರಿ ಆದರೆ ಇನ್ನೂ ಕಷ್ಟ. ಒಂಬತ್ತು ಹತ್ತು ಸೆಕೆಂಡ್ ಬೇಕು, ಎದುರಿನವನು 80ರಲ್ಲಿದ್ದರೆ ಇಬ್ಬರೂ ಸೇರಿ ತಿನ್ನೋ ರಸ್ತೆ ಸುಮಾರು 385 ಮೀಟರ್. ಭಾರತೀಯ ರಸ್ತೆ ಕಾಂಗ್ರೆಸ್ ಅಂತ ಇದೆ, ನಮ್ಮ ರಸ್ತೆಗಳ ವಿನ್ಯಾಸದ ಮಾನದಂಡ ಬರೆಯುವ ಸಂಸ್ಥೆ. ಅವರ ಕೋಷ್ಟಕದಲ್ಲಿ 80 ಕಿಲೋಮೀಟರ್ ವೇಗದ ರಸ್ತೆಗೆ ಓವರ್‌ಟೇಕ್ ಮಾಡೋಕೆ ಕಾಣಬೇಕಾದ ದೂರ 470 ಮೀಟರ್ ಅಂತಿದೆ, 100ಕ್ಕೆ 640. ಈ ದೂರ ಕಣ್ಣಿಗೆ ಎಷ್ಟು ಅಂತ ತಿಳಿಬೇಕಾದರೆ ರಸ್ತೆ ಪಕ್ಕದ ಕಲ್ಲು ನೋಡಿ. ಕಿಲೋಮೀಟರ್ ಕಲ್ಲುಗಳ ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು ಇರುತ್ತೆ. ಅಂಥ ಎರಡು ಕಲ್ಲು ದಾಟಿ ಆಚೆವರೆಗೂ ರಸ್ತೆ ಖಾಲಿ ಕಾಣಬೇಕು. ಮುಂದಿನ ಸಲ ಪಕ್ಕದಲ್ಲಿ ಕೂತಾಗ ಗಮನಿಸಿ, ನಮ್ಮೂರ ರಸ್ತೆಯಲ್ಲಿ ಅಷ್ಟು ನೇರ ಖಾಲಿ ಸಿಗೋದು ಎಷ್ಟು ಕಡಿಮೆ ಅಂತ.

"ಟೈಮ್ ಐತಿ" ಅನ್ನಿಸಿದ್ದು ಯಾಕೆ ಹಾಗಾದರೆ? ದೂರದಿಂದ ನೇರ ನಮ್ಮ ಕಡೆಗೇ ಬರುವ ವಸ್ತು ಬೆಳೀತಿರೋದು ಕಣ್ಣಿಗೆ ಕಾಣೋದೇ ಇಲ್ಲ. ಬಹಳ ಹೊತ್ತು ಅದು ಅಷ್ಟೇ ಗಾತ್ರದ ಚುಕ್ಕೆ, ಕೊನೆಯ ಎರಡು ಮೂರು ಸೆಕೆಂಡಿನಲ್ಲಿ ಹಿಗ್ಗಿದ ಹಾಗೆ ದೊಡ್ಡದಾಗುತ್ತೆ. ಹಾಗಾಗಿ ನಾವು ಅಳೆಯೋದು ದೂರವನ್ನ ಮಾತ್ರ, ವೇಗವನ್ನಲ್ಲ. ಬಸ್ 50ರಲ್ಲಿ ಬರ್ತಿದೆಯೋ 80ರಲ್ಲೋ, ನಿಮಗೆ ಗೊತ್ತಾಗಿಲ್ಲ. ಗೊತ್ತಾಗಿದೆ ಅನ್ನಿಸುತ್ತೆ, ಅದೇ ತೊಂದರೆ.

ಇದರ ಮೇಲೆ ನಮ್ಮ ರಸ್ತೆಯ ಸಂಜ್ಞೆ ಭಾಷೆ. ಮುಂದಿನ ಲಾರಿ ಬಲ ಇಂಡಿಕೇಟರ್ ಹಾಕ್ತಾನೆ. "ಎದುರಿಗೆ ಯಾರೂ ಇಲ್ಲ, ಹೋಗು" ಅಂತಲಾ, ಅಥವಾ "ನಾನು ಬಲಕ್ಕೆ ಹೊಲದ ದಾರಿಗೆ ತಿರುಗ್ತೀನಿ" ಅಂತಲಾ? ಎರಡಕ್ಕೂ ಹಾಕುವವರಿದ್ದಾರೆ. ಆನ್‌ಸೈಟ್ ಹೋಗಿ ಬಂದವರಿಗೆ ಇನ್ನೊಂದು ಗೊಂದಲ: ಯುರೋಪಿನಲ್ಲಿ ಎಷ್ಟೋ ಸಲ ಲೈಟ್ ಮಿಣುಕಿಸಿದರೆ "ನೀವು ಹೋಗಿ" ಅಂತ, ಇಲ್ಲಿ "ನಾನು ಬರ್ತಿದ್ದೀನಿ, ಸರಿ" ಅಂತ. ಬೇರೆಯವರ ಲೈಟ್ ನೋಡಿ ಓವರ್‌ಟೇಕ್ ಮಾಡೋದನ್ನ ನಾನು ಪೂರ್ತಿ ಬಿಟ್ಟೆ.

ಹಾಗೆ ಮಾಡಿ ಉಳಿಸಿದ್ದಾದರೂ ಏನು? ಆ ಟ್ರ್ಯಾಕ್ಟರ್ ಹಿಂದೆ 2 ಕಿಲೋಮೀಟರ್ ಹೋಗಿದ್ದರೆ ಹೆಚ್ಚುವರಿ ಮೂರು ನಿಮಿಷ. ಇಡೀ 60 ಕಿಲೋಮೀಟರನ್ನ 80ರ ಬದಲು 60ರಲ್ಲಿ ಓಡಿಸಿದರೂ ಕಾಲು ತಾಸು. ರೊಟ್ಟಿ ಆರೋದಿಲ್ಲ.

ರಾತ್ರಿಯ ವಿಷಯ ಬೇರೆ. ಅದನ್ನ ಹೇಳೋಕೆ ನನಗೆ ಸ್ವಲ್ಪ ಕಷ್ಟ. ನಮ್ಮ ಚಿಗವ್ವನ ಮಗ, 26 ವರ್ಷ, ಬೈಕಿನಲ್ಲಿ ಬರ್ತಿದ್ದ, ರಾತ್ರಿ ಎಂಟೂವರೆ. ಕಬ್ಬಿನ ಹಂಗಾಮು. ಟೈರ್ ಪಂಕ್ಚರ್ ಆಗಿ ಒಂದು ಡಬ್ಬಿ ರಸ್ತೆ ಮೇಲೇ ನಿಂತಿತ್ತು, ಟ್ರ್ಯಾಕ್ಟರ್ ಬಿಚ್ಚಿಕೊಂಡು ಪಂಕ್ಚರ್ ಹಾಕಿಸೋಕೆ ಹೋಗಿದ್ದರು. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ, ಗುರುತಿಗೆ ಒಂದು ಬೇವಿನ ಟೊಂಗೆ ಇಟ್ಟಿದ್ದರು. ಎದುರಿಗೆ ಒಂದು ಗಾಡಿ ಹೈ ಬೀಮ್ ಹಾಕಿಕೊಂಡು ಬಂತು ಅಂತ ಪಕ್ಕದ ಅಂಗಡಿಯವರು ಹೇಳಿದರು. ಹೆಲ್ಮೆಟ್ ಇತ್ತು. ಉಪಯೋಗ ಆಗಲಿಲ್ಲ.

ವೇಗದಲ್ಲಿ ಬರ್ತಿದ್ದ ಅಂತ ಊರಲ್ಲಿ ಮಾತಾಡಿದರು. ಇರಬಹುದು, 60 ಇದ್ದಿರಬಹುದು. ಆದರೆ ಲೆಕ್ಕ ನೋಡಿ. ಡಿಪ್ಪರ್‌ನಲ್ಲಿ, ಅಂದರೆ ಲೋ ಬೀಮಿನಲ್ಲಿ, ಬಣ್ಣ ಮಾಸಿದ ಕಪ್ಪು ವಸ್ತು ಕಾಣೋದು ಸುಮಾರು 40, 50 ಮೀಟರ್ ದೂರಕ್ಕೆ. ಅದೇ ರಸ್ತೆ ಕಾಂಗ್ರೆಸ್ಸಿನ ಪ್ರಕಾರ 60ರ ವೇಗದಲ್ಲಿ ನೋಡಿ, ಬ್ರೇಕ್ ಹಾಕಿ ನಿಲ್ಲೋಕೆ 80 ಮೀಟರ್ ಬೇಕು, 80ರಲ್ಲಿ 120. ಅಂದರೆ 60ರಲ್ಲೇ ಅವನು ಕಾಣದ ಕಡೆಗೆ ಓಡಿಸ್ತಿದ್ದ. ನಾವೆಲ್ಲ ದಿನಾ ರಾತ್ರಿ ಹಾಗೇ ಓಡಿಸ್ತೀವಿ. ಎದುರಿನವನ ಹೈ ಬೀಮ್ ಕಣ್ಣಿಗೆ ಹೊಡೆದ ಮೇಲಿನ ಕೆಲವು ಸೆಕೆಂಡಂತೂ 40 ಮೀಟರೂ ಕಾಣಲ್ಲ. ಕಬ್ಬಿನ ಹಂಗಾಮಿನಲ್ಲಿ, ಅಂದ್ರೆ ಅಕ್ಟೋಬರ್ ಕೊನೆಯಿಂದ ಮಾರ್ಚ್ ತನಕ, ಕತ್ತಲಾದ ಮೇಲೆ ಬೆಳಗಾವಿಯಿಂದ ಒಳಗಿನ ರಸ್ತೆಗೆ ನಾನು ಇಳಿಯೋದೇ ಇಲ್ಲ. ಸಾತಾರಾ, ಸಾಂಗ್ಲಿ, ಕೊಲ್ಹಾಪುರದ ಒಳರಸ್ತೆಗಳಿಗೂ ಇದೇ ಮಾತು, ಅಲ್ಲೂ ಅದೇ ಕಬ್ಬು, ಅದೇ ಡಬ್ಬಿ. ಶುಕ್ರವಾರ ಶಿಫ್ಟ್ ಮುಗಿಸಿ ಸಂಜೆ ಹೊರಡುವವರೇ, ನೀವು ಈ ತುಂಡನ್ನ ಮುಟ್ಟೋದು ನಡುರಾತ್ರಿ, ನಿದ್ದೆಗಣ್ಣಿನಲ್ಲಿ. ಶನಿವಾರ ಬೆಳಿಗ್ಗೆ ಹೊರಡಿ.

ಇಷ್ಟು ಡ್ರೈವರ್ ಮಾಡಬೇಕಾದ್ದು. ಆದರೆ ಡ್ರೈವರ್‌ಗೆ ಮಾತ್ರ ಉಪದೇಶ ಮಾಡೋದು ನನಗೆ ಸರಿ ಅನ್ನಿಸಲ್ಲ. ನಾನು ತಪ್ಪು ಮಾಡಿದೆ, ಆದರೂ ಬದುಕಿದೆ. ಯಾಕೆ? ಆ ಜಾಗದಲ್ಲಿ ಡಾಂಬರಿನ ಅಂಚು ಮತ್ತು ಪಕ್ಕದ ನೆಲ ಸಮ ಇತ್ತು, ಬಸ್ಸಿಗೆ ಇಳಿಯೋಕೆ ಜಾಗ ಇತ್ತು. ಅಲ್ಲೊಂದು ಅಡಿ ತಗ್ಗಿದ್ದಿದ್ದರೆ, ಮರ ಇದ್ದಿದ್ದರೆ, ಈ ವಿಡಿಯೋ ಇರ್ತಿರಲಿಲ್ಲ.

ಆಮೇಲೆ ತಿಳೀತು, ಆ ರಸ್ತೆಗೆ ಒಂದು ಕಥೆಯೇ ಇದೆ. ಬೆಳಗಾವಿ–ಯರಗಟ್ಟಿ ರಸ್ತೆ ರಾಜ್ಯ ಹೆದ್ದಾರಿ 20ರ ಭಾಗ, 62 ಕಿಲೋಮೀಟರ್. ವಿಶ್ವ ಬ್ಯಾಂಕ್ ಸಾಲದಲ್ಲಿ ನಡೆದ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ, ನಾವೆಲ್ಲ ಕೆ-ಶಿಪ್ ಅಂತ ಬೋರ್ಡಿನಲ್ಲಿ ಓದಿದ್ದೀವಲ್ಲ, ಅದರ ಎರಡನೇ ಹಂತಕ್ಕೆ 2011ರಲ್ಲಿ ಮಂಜೂರಾತಿ ಸಿಕ್ಕಾಗ, ಇದನ್ನ ಸುರಕ್ಷಿತ ರಸ್ತೆ ಹೇಗಿರಬಹುದು ಅಂತ ಮಾಡಿ ತೋರಿಸುವ ಮಾದರಿ ರಸ್ತೆಯಾಗಿ ಆರಿಸಿದರು. ಲೋಕೋಪಯೋಗಿ ಇಲಾಖೆ ಒಂದೇ ಅಲ್ಲ, ಪೊಲೀಸ್, ಸಾರಿಗೆ, ಆರೋಗ್ಯ ಇಲಾಖೆಗಳನ್ನೂ ಒಟ್ಟಿಗೆ ಕೂರಿಸಿದರು. ನಮ್ಮಲ್ಲಿ ಅದೇ ದೊಡ್ಡ ಸಾಧನೆ ಅನ್ನಿ. ಮಾಡಿದ ಕೆಲಸ ಯಾವುದೂ ರಾಕೆಟ್ ವಿಜ್ಞಾನ ಅಲ್ಲ: ಕೂಡುರಸ್ತೆ ಸರಿ ಮಾಡೋದು, ಬಸ್ಸಿಗೆ ಪಕ್ಕದಲ್ಲಿ ನಿಲ್ಲೋಕೆ ಜಾಗ, ಅಪಾಯದ ಕಡೆ ಕ್ರ್ಯಾಷ್ ಬ್ಯಾರಿಯರ್, ಕಾಣುವ ಗೆರೆ, ಫಲಕ, ಜನ ನಡೆಯೋಕೆ ದಾರಿ, ವೇಗದ ಮೇಲೆ ಪೊಲೀಸರ ಕಣ್ಣು. ಆ ರಸ್ತೆಯಲ್ಲಿ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಎಲ್ಲಿ ಏನು ಬೇಕು ಅಂತ ಹೇಗೆ ತೀರ್ಮಾನಿಸಿದರು ಅನ್ನೋದು ನಮ್ಮ ಐಟಿ ಮಂದಿಗೆ ಇಷ್ಟ ಆಗುತ್ತೆ. ಐರ್ಯಾಪ್ ಅಂತ ಒಂದು ಅಂತರರಾಷ್ಟ್ರೀಯ ವಿಧಾನ. ಕ್ಯಾಮೆರಾ ಇರುವ ಗಾಡಿ ರಸ್ತೆಯುದ್ದಕ್ಕೂ ಓಡಿ ಚಿತ್ರ ತೆಗೆಯುತ್ತೆ, 100 ಮೀಟರಿಗೊಂದು ತುಂಡು ಅಂತ ತಿರುವು, ಅಂಚು, ಪಕ್ಕದ ಮರ, ಪಾದಚಾರಿ ದಾರಿ ಎಲ್ಲ ಗುರುತು ಹಾಕಿ, ಒಂದರಿಂದ ಐದು ನಕ್ಷತ್ರ ಕೊಡ್ತಾರೆ. ಕಾರಿನವರಿಗೆ ಬೇರೆ, ಬೈಕಿನವರಿಗೆ ಬೇರೆ, ನಡೆಯುವವರಿಗೆ ಬೇರೆ ನಕ್ಷತ್ರ. ಒಂದು ನಕ್ಷತ್ರ ಏರಿದರೆ ಸಾವು ಮತ್ತು ತೀವ್ರ ಗಾಯದ ಹೊರೆ ಹತ್ತಿರ ಹತ್ತಿರ ಅರ್ಧ ಆಗುತ್ತೆ ಅನ್ನೋದು ಅವರ ಅನುಭವ. ನನಗೆ ಹಿಡಿಸಿದ್ದು ಏನಂದ್ರೆ, ಅಪಘಾತ ಆಗಿ ಹೆಣ ಬೀಳೋ ತನಕ ಕಾಯಬೇಕಿಲ್ಲ. ಪ್ರೊಡಕ್ಷನ್‌ನಲ್ಲಿ ಬಗ್ ಬರೋ ಮುಂಚೆ ಕೋಡ್ ರಿವ್ಯೂ ಮಾಡಿದ ಹಾಗೆ.

ಸ್ವೀಡನ್‌ನವರು ಇದೇ ಯೋಚನೆಯನ್ನ ಕೊನೆವರೆಗೂ ಎಳೆದರು. 1997ರಲ್ಲಿ ಅವರ ಸಂಸತ್ತು, ಮನುಷ್ಯ ತಪ್ಪು ಮಾಡ್ತಾನೆ, ಆ ತಪ್ಪಿಗೆ ಶಿಕ್ಷೆ ಸಾವಾಗಬಾರದು ಅನ್ನೋ ನೀತಿ ಒಪ್ಪಿತು. 1998ರಲ್ಲಿ ಯೆವ್ಲೆ ಊರಿನ ಹತ್ತಿರ 13 ಮೀಟರ್ ಅಗಲದ ಹಳೆ ರಸ್ತೆಯಲ್ಲಿ ನಡುವೆ ಉಕ್ಕಿನ ಹಗ್ಗದ ತಡೆ ಹಾಕಿ, ಮೂರು ಲೇನ್ ಮಾಡಿದರು. ಸ್ವಲ್ಪ ದೂರ ಈ ಕಡೆಯವರಿಗೆ ಎರಡು ಲೇನ್, ಮುಂದೆ ಆ ಕಡೆಯವರಿಗೆ ಎರಡು. ಓವರ್‌ಟೇಕ್ ಮಾಡಬೇಕಾ? ನಿಮ್ಮ ಸರದಿ ಬರುತ್ತೆ, ಕಾಯಿರಿ. ಇಂಥ ರಸ್ತೆಗಳಲ್ಲಿ ಸಾವು ಮುಕ್ಕಾಲು ಪಾಲಿನಷ್ಟು ಇಳಿಯಿತು. ನಮ್ಮ 7 ಮೀಟರಿನಲ್ಲಿ ಅದು ಆಗಲ್ಲ, ಒಪ್ತೀನಿ. ಆದರೆ ಏರು ಬಂದ ಕಡೆ, ಕಬ್ಬಿನ ಗಾಡಿ ತೆವಳುವ ಕಡೆ, ಅರ್ಧ ಕಿಲೋಮೀಟರ್ ಹೆಚ್ಚುವರಿ ಲೇನ್ ಮಾಡೋಕೆ ಆಗುತ್ತೆ.

ಪುಣೆಯಲ್ಲಿ ನವಲೆ ಸೇತುವೆ ಇಳಿಜಾರಿನ ಅಪಘಾತ ದೊಡ್ಡ ಸುದ್ದಿ ಆಗುತ್ತೆ, ಆಗಬೇಕಾದ್ದೇ. ಆದರೆ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತ 1,68,491 ಜನರಲ್ಲಿ ಸುಮಾರು 68 ಶೇಕಡಾ ಮಂದಿ ಸತ್ತದ್ದು ಗ್ರಾಮೀಣ ಪ್ರದೇಶದಲ್ಲಿ, ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ. ನಮ್ಮ ಹತ್ತಿರದ ಚಾಕಣ–ಶಿಕ್ರಾಪುರ ರಸ್ತೆಯನ್ನೇ ನೋಡಿ, ಕಾರ್ಖಾನೆಗಳ ಕಂಟೇನರ್ ಎಲ್ಲ ಅಲ್ಲೇ. ವೀಕೆಂಡಿಗೆ ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಮಳೆ ನೋಡೋಕೆ ಹೋಗುವವರು ನಿಮ್ಮಲ್ಲೇ ಎಷ್ಟು ಜನ. ಮಳೆಗಾಲದಲ್ಲಿ ಇಂಥ ರಸ್ತೆಗಳ ಅಂಚು ಕೊಚ್ಚಿಹೋಗುತ್ತೆ. ಎಡ ಚಕ್ರ ಆ ತಗ್ಗಿಗೆ ಇಳಿದರೆ ಗಾಬರಿಯಾಗಿ ಸ್ಟೀರಿಂಗ್ ಬಲಕ್ಕೆ ಜಗ್ಗಬೇಡಿ. ಟೈರ್ ಅಂಚಿಗೆ ಉಜ್ಜಿಕೊಂಡು ತಡೆದು ನಿಂತು, ಒಮ್ಮೆಲೇ ಮೇಲೆ ಹಾರುತ್ತೆ, ಕಾರು ನೇರ ಎದುರಿನ ಲೇನಿಗೆ ಹೋಗುತ್ತೆ. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ಚಕ್ರ ಕೆಳಗೇ ಇರಲಿ ಬಿಡಿ, ವೇಗ 20, 30ಕ್ಕೆ ಬಂದ ಮೇಲೆ ನಿಧಾನ ಹತ್ತಿಸಿ.

ಈಗ ನಾವು ಬೆಳಗಾವಿಯಲ್ಲಿ ಕಡ್ಡಾಯ ನಿಲ್ತೀವಿ. ಚಹಾ, ಅರ್ಧ ತಾಸು, ಹೈವೇ ಕಾಲಿನಿಂದ ಇಳಿಯಲಿ ಅಂತ. ಹಿಂದಿನ ಸೀಟಿನ ಬೆಲ್ಟ್ ಮತ್ತೆ ನೋಡ್ತೀವಿ, ಮುಖಾಮುಖಿ ಡಿಕ್ಕಿಯಲ್ಲಿ ಹಿಂದೆ ಬೆಲ್ಟ್ ಹಾಕದೆ ಕೂತವರು ಮುಂದಿನವರ ಬೆನ್ನಿಗೆ ಬಂದು ಬಡಿಯುತ್ತಾರೆ. ಅವ್ವನಿಗೂ ಹೇಳಿಟ್ಟಿದ್ದೀನಿ, ಬೆಳಗಾವಿ ದಾಟಿದ ಮೇಲೆ ಫೋನ್ ಮಾಡಬೇಡ, ನಾನೇ ಮನೆ ಮುಂದೆ ಹಾರ್ನ್ ಹೊಡೀತೀನಿ ಅಂತ. ಮೊದಲು ಸಿಟ್ಟು ಮಾಡಿಕೊಂಡಳು. ಚಿಗವ್ವನ ಮಗನ ವಿಷಯ ನೆನಪಾಗಿರಬೇಕು, ಆಮೇಲೆ ಏನೂ ಅನ್ನಲಿಲ್ಲ.

ಕೊನೆಗೆ, ಫೋನ್ ನಂಬರ್ ಕೇಳಿದ್ದಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ, ಅಂದರೆ ಪುಣೆಯಿಂದ ಬೆಳಗಾವಿ ತನಕ 48ರಲ್ಲಿ, 1033. ಅದು ಹೆದ್ದಾರಿ ಪ್ರಾಧಿಕಾರದ್ದು, ಒಳಗಿನ ರಾಜ್ಯ ಹೆದ್ದಾರಿಗೆ ಅಲ್ಲ. ಅಲ್ಲಿ 112 ಅಥವಾ ಆಂಬ್ಯುಲೆನ್ಸ್‌ಗೆ 108, ಎರಡೂ ರಾಜ್ಯದಲ್ಲಿ ಅದೇ ನಂಬರ್. ಬಿದ್ದವರನ್ನ ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್ ಕೇಸಿನಲ್ಲಿ ಸಿಕ್ಕಿಹಾಕಿಕೊಳ್ತೀವಿ ಅನ್ನೋ ಹೆದರಿಕೆ ಬೇಡ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅನ್ನೋ ಕಲಂ ಸೇರಿದೆ, ನೆರವಾದವರಿಗೆ ರಕ್ಷಣೆ ಇದೆ, ಹೆಸರು ಹೇಳಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಫೋನಿನಲ್ಲಿ "ಬೆಳಗಾವಿ ದಾಟಿ ಒಂದು ದೊಡ್ಡ ಹುಣಸೆಮರದ ಹತ್ತಿರ" ಅಂದರೆ ಅವರಿಗೆ ಗೊತ್ತಾಗಲ್ಲ. ಹತ್ತಿರದ ಕಿಲೋಮೀಟರ್ ಕಲ್ಲಿನ ತನಕ ಒಬ್ಬರು ನಡೆದುಹೋಗಿ, ಅದರ ಮೇಲಿನ ಊರ ಹೆಸರು ಮತ್ತು ಸಂಖ್ಯೆ ಓದಿ ಹೇಳಿ.